ಚೆರ್ರಿ ಕಾಬ್ಲರ್: ಮೇಲೆ ಕೆಂಪು, ಒಳಗೆ ಹಸಿ ಹಿಟ್ಟು, ತಳದಲ್ಲಿ ನೀರು. ಮಡಿಕೇರಿ ಕಡೆ ಬೇಕ್ ಮಾಡುವವರು ದಯವಿಟ್ಟು ನೋಡಿ

ಬೆಟ್ಟದ ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ. ಅಮೆರಿಕದಲ್ಲಿರುವ ನಾದಿನಿ ಮಕ್ಕಳ ಜೊತೆ ಊರಿಗೆ ಬಂದಿದ್ದಾಳೆ. ಅಲ್ಲಿ ಬೇಸಿಗೆಯಲ್ಲಿ ಚೆರ್ರಿ ಕಾಬ್ಲರ್ ಮಾಡುತ್ತಾರಂತೆ. ಕೆಳಗೆ ಬೆಂದ ಹಣ್ಣು, ಮೇಲೆ ಬನ್ನಿಗೂ ಕೇಕಿಗೂ ನಡುವಿನಂಥ ಒಂದು ಪದರ. ಮಕ್ಕಳು ಅದನ್ನೇ ಕೇಳುತ್ತಿದ್ದಾರೆ. ಮೈಸೂರಿನಿಂದ ಬರುವಾಗ ಮನೆಯವರು ಕಾಶ್ಮೀರದ ಚೆರ್ರಿ ತಂದರು, ಸರಿ ಮಾಡೋಣ ಅಂತ ಶುರು ಮಾಡಿದೆ.

ಬೀಜ ತೆಗೆದ ಹಣ್ಣು 800 ಗ್ರಾಂ. ಅದಕ್ಕೆ 150 ಗ್ರಾಂ ಸಕ್ಕರೆ, 2 ಚಮಚ ಕಾರ್ನ್‌ಫ್ಲೋರ್, ಒಂದು ನಿಂಬೆಹಣ್ಣಿನ ರಸ. 8 ಇಂಚಿನ ಚೌಕ ಗಾಜಿನ ಪಾತ್ರೆಗೆ ಹಾಕಿದೆ. ಮೇಲಿನ ಪದರಕ್ಕೆ 150 ಗ್ರಾಂ ಮೈದಾ, 70 ಗ್ರಾಂ ಬೆಣ್ಣೆ, ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಮುಕ್ಕಾಲು ಲೋಟ ಮಜ್ಜಿಗೆ. ಒಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, 180 ಡಿಗ್ರಿ, 35 ನಿಮಿಷ.

ಮೇಲೆ ನೋಡಲು ಚೆನ್ನಾಗಿತ್ತು, ಹೊಂಬಣ್ಣ ಬಂದಿತ್ತು. ಚಮಚ ಇಳಿಸಿದರೆ ಒಳಗೆ ಅಂಟಂಟು ಹಸಿ ಹಿಟ್ಟು. ಅದರ ಕೆಳಗೆ ಶರಬತ್ತಿನ ಹಾಗೆ ನೀರು. ಇನ್ನೊಂದು ವಿಷಯ, ಹಿಟ್ಟು ಹಣ್ಣಿಗೆ ತಾಗಿದ ಕಡೆಯೆಲ್ಲ ನೀಲಿ ಬೂದು ಬಣ್ಣ. ಅದನ್ನು ನೋಡಿ ಮಕ್ಕಳಿಗೆ ಕೊಡಲು ಭಯವಾಯಿತು. ಶನಿವಾರ ಮತ್ತೆ ಮಾಡಬೇಕು. ಯಾರಾದರೂ ತಿಳಿದವರು ಹೇಳಿ.

ಕಾಫಿ ಹೂ:

ಅಕ್ಕಾ, ನೀಲಿ ಬಣ್ಣಕ್ಕೆ ಹೆದರಬೇಡಿ. ವಿಷ ಅಲ್ಲ, ಬೂಷ್ಟೂ ಅಲ್ಲ. ಸೋಡಾ ಜಾಸ್ತಿಯಾಗಿದೆ, ಅಷ್ಟೇ. ಉಳಿದದ್ದಕ್ಕೆ ಮಡಿಕೇರಿ ಓವನ್ ಅವರು ಬರಲಿ, ಅವರಿಗೆ ಚೆನ್ನಾಗಿ ಗೊತ್ತು.

ಮಡಿಕೇರಿ ಓವನ್:

ಮೊದಲು ನಾಲ್ಕು ಪ್ರಶ್ನೆ. ಚೆರ್ರಿ ಫ್ರಿಜ್ಜಿನಿಂದ ತೆಗೆದು ಹಾಗೇ ಹಾಕಿದಿರಾ? ಒಟಿಜಿಯ ಎರಡೂ ರಾಡ್ ಹಾಕಿದ್ದಿರಾ, ಮೇಲಿನದು ಮಾತ್ರವಾ? ಮೊದಲೇ ಎಷ್ಟು ಹೊತ್ತು ಬಿಸಿ ಮಾಡಿದಿರಿ? ಕಾರ್ನ್‌ಫ್ಲೋರ್ ಹಾಕಿದ್ದು ಟೀ ಚಮಚದಲ್ಲೋ, ದೊಡ್ಡ ಚಮಚದಲ್ಲೋ?

ಬೆಟ್ಟದ ಅಡುಗೆಮನೆ:

ಹೌದು, ಫ್ರಿಜ್ಜಿನಿಂದ ತೆಗೆದು ಹಾಗೇ ಹಾಕಿದ್ದು. ರಾಡ್ ಎರಡೂ ಇತ್ತು. ಬಣ್ಣ ಬರಲಿ ಅಂತ ಪಾತ್ರೆಯನ್ನು ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದೆ. ಐದು ನಿಮಿಷ ಬಿಸಿ ಮಾಡಿದ್ದೆ. ಚಮಚ ಟೀ ಚಮಚವೇ. ಆವತ್ತು ಜೋರು ಮಳೆ, ಲೈಟು ಮಂಕಾಗಿ ಉರಿಯುತ್ತಿತ್ತು.

ಮಡಿಕೇರಿ ಓವನ್:

ಹಾಗಾದರೆ ಎಲ್ಲ ಅರ್ಥವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಹೀಗಾಯಿತು ಅಂತ ತಿಳಿದರೆ ಮುಂದೆ ಯಾವ ಹಣ್ಣಿನದ್ದಾದರೂ ಮಾಡಬಹುದು.

ಮೂಲ ತೊಂದರೆ ಒಂದೇ. ತಣ್ಣಗಿನ ಹಣ್ಣಿನ ಮೇಲೆ ಹಿಟ್ಟು ಹಾಕಿದ್ದೀರಿ. ಮುಕ್ಕಾಲು ಕಿಲೋಗಿಂತ ಜಾಸ್ತಿ ತಣ್ಣನೆ ಹಣ್ಣು ಕುದಿಯಲು ಒಟಿಜಿಯಲ್ಲಿ ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಮೇಲಿನ ರಾಡಿನ ಬಿಸಿಗೆ ಹಿಟ್ಟಿನ ಮೇಲ್ಮೈ ಕೆಂಪಾಗಿಬಿಡುತ್ತದೆ. ನಾವು ಬೆಂದಿತು ಅಂತ ಹೊರಗೆ ತೆಗೆಯುತ್ತೇವೆ. ಹಿಟ್ಟಿನ ಅಡಿಭಾಗ ಬೇಯಬೇಕಾದರೆ ಕೆಳಗಿನ ಹಣ್ಣೇ ಅದಕ್ಕೆ ಬಿಸಿ ಕೊಡಬೇಕು. ಹಣ್ಣು ತಣ್ಣಗಿದ್ದರೆ ಎಲ್ಲಿಂದ ಕೊಡುತ್ತದೆ?

ನೀರು ನಿಂತದ್ದಕ್ಕೂ ಇದೇ ಕಾರಣ. ಕಾರ್ನ್‌ಫ್ಲೋರ್ ಸುಮ್ನೆ ಬಿಸಿಯಾದರೆ ಸಾಲದು, ಗುಳುಗುಳು ಅಂತ ಕುದಿಯಬೇಕು. ಆಗಲೇ ಪೂರ್ತಿ ಗಟ್ಟಿಯಾಗುವುದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 96ಕ್ಕೇ ಕುದಿಯುತ್ತದೆ. ಕಾರ್ನ್‌ಫ್ಲೋರ್ ಚೆನ್ನಾಗಿ ಗಟ್ಟಿಯಾಗುವುದೂ ಹೆಚ್ಚುಕಡಿಮೆ ಆ ಬಿಸಿಯಲ್ಲೇ. ಹಾಗಾಗಿ ನಮ್ಮೂರಲ್ಲಿ ಅರೆಬರೆ ಕುದಿ ಅನ್ನುವುದಕ್ಕೆ ಜಾಗವೇ ಇಲ್ಲ. ಕೆಳಗಿನ ಊರಿನವರು ಬರೆದ ಅಳತೆ ಇಲ್ಲಿ ಕೈಕೊಡುವುದು ಇಂಥ ಕಡೆಯೇ. ಪ್ರಮಾಣವೂ ಕಡಿಮೆಯಾಯಿತು. 800 ಗ್ರಾಂ ಹಣ್ಣಿಗೆ ದೊಡ್ಡ ಚಮಚದಲ್ಲಿ ಎರಡೂವರೆಯಿಂದ ಮೂರು ಬೇಕು. ದೊಡ್ಡ ಚಮಚ ಅಂದರೆ 15 ಎಂಎಲ್, ಟೀ ಚಮಚದ ಮೂರು ಪಟ್ಟು.

ಅದಕ್ಕೆ ಶನಿವಾರ ಹೀಗೆ ಮಾಡಿ. ಹಣ್ಣು, ಸಕ್ಕರೆ, ಚಿಟಿಕೆ ಉಪ್ಪು ಸ್ಟೀಲ್ ಬಾಣಲೆಯಲ್ಲಿ ಗ್ಯಾಸ್ ಮೇಲಿಡಿ. ಅಲ್ಯೂಮಿನಿಯಂ ಬೇಡ, ಹುಳಿ ಹಣ್ಣಿಗೆ ಅದು ರುಚಿ ಕೆಡಿಸುತ್ತದೆ. ರಸ ಬಿಟ್ಟುಕೊಂಡು ಕುದಿಯಲು ಶುರುವಾದಾಗ ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ ಹಾಕಿ. ಎರಡು ನಿಮಿಷ ಬಿಡದೆ ಕುದಿಸಿ, ಕೈಯಾಡಿಸುತ್ತಿರಿ. ಮಸುಕಾಗಿದ್ದ ರಸ ಹೊಳಪಾಗುತ್ತದೆ, ಸೌಟಿನ ಬೆನ್ನಿಗೆ ಅಂಟುತ್ತದೆ. ಆಗ ಇಳಿಸಿ. ನಿಂಬೆರಸ ಇಳಿಸಿದ ಮೇಲೆ ಹಾಕಿ, ಮೊದಲೇ ಬೇಡ. ಹುಳಿಯ ಜೊತೆ ತುಂಬಾ ಹೊತ್ತು ಕುದಿದರೆ ಕಾರ್ನ್‌ಫ್ಲೋರಿನ ಗಟ್ಟಿತನ ಒಡೆದುಹೋಗುತ್ತದೆ.

ಆದರೆ ನಿಂಬೆ ಬಿಡಬೇಡಿ. ಅಮೆರಿಕದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಮಾಂಟ್‌ಮರೆನ್ಸಿ ಅನ್ನುವ ಹುಳಿ ಚೆರ್ರಿ. ಮಿಷಿಗನ್ ಕಡೆ ಅದನ್ನು ತುಂಬಾ ಬೆಳೆಯುತ್ತಾರೆ. ನಮಗೆ ಸಿಗುವ ಕಾಶ್ಮೀರ, ಹಿಮಾಚಲದ ಹಣ್ಣು ಸಿಹಿ ಜಾತಿಯದು. ಹಾಗಾಗಿ ಸಕ್ಕರೆ 150ರ ಬದಲು 100 ಗ್ರಾಂ ಸಾಕು, ಹುಳಿಯನ್ನು ನಾವೇ ಸೇರಿಸಬೇಕು. ಎರಡು ದೊಡ್ಡ ಚಮಚ ರಸದಿಂದ ಶುರು ಮಾಡಿ, ರುಚಿ ನೋಡಿ ಹೆಚ್ಚಿಸಿ.

ಈಗ ಮೇಲಿನ ಪದರ. ವಿದೇಶಿ ಅಳತೆಗಳಲ್ಲಿ ಮಜ್ಜಿಗೆ ಅಂತ ಬರೆದಿರುವುದು ನಾವು ಊಟಕ್ಕೆ ಕುಡಿಯುವ ಮಜ್ಜಿಗೆ ಅಲ್ಲ. ಅದು ದಪ್ಪ, ಹುಳಿ. ನಮ್ಮದು ನೀರು ಮಜ್ಜಿಗೆ. ಅದರಲ್ಲಿ ಹುಳಿ ಕಡಿಮೆ, ಹಾಗಾಗಿ ಸೋಡಾ ಪೂರ್ತಿ ಮುಗಿಯದೆ ಹಿಟ್ಟಿನಲ್ಲೇ ಉಳಿಯುತ್ತದೆ. ದಾಸವಾಳದ ನೀರಿಗೆ ನಿಂಬೆ ಹಿಂಡಿದರೆ ಕೆಂಪಾಗುತ್ತದೆ, ಸೋಡಾ ಹಾಕಿದರೆ ಬಣ್ಣ ಹಸಿರು ನೀಲಿ ಕಡೆ ತಿರುಗುತ್ತದೆ ಅಲ್ವಾ? ಚೆರ್ರಿಯ ಕೆಂಪೂ ಅದೇ ಜಾತಿಯ ಬಣ್ಣ. ನಿಮ್ಮ ಪಾತ್ರೆಯಲ್ಲಿ ಆದದ್ದು ಅದೇ. ಬಣ್ಣದಿಂದ ಅಪಾಯ ಇಲ್ಲ, ಆದರೆ ಸೋಡಾದ ಸಾಬೂನಿನಂಥ ರುಚಿ ನಾಲಿಗೆಗೆ ಬರುತ್ತದೆ. ಹಸಿ ಹಿಟ್ಟನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ.

ಗಟ್ಟಿ ಹುಳಿಮೊಸರನ್ನು ಸ್ವಲ್ಪ ಹಾಲಿನಲ್ಲಿ ಕಲಸಿ 120 ಎಂಎಲ್ ಮಾಡಿಕೊಳ್ಳಿ. ಸೋಡಾ ಕಾಲು ಟೀ ಚಮಚಕ್ಕೆ ಇಳಿಸಿ, ಬೇಕಿಂಗ್ ಪೌಡರ್ ಒಂದೇ ಟೀ ಚಮಚ ಸಾಕು. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಿಟ್ಟು ಬೇಗ ಉಬ್ಬಿ ಬೇಯುವ ಮೊದಲೇ ಕುಸಿಯುತ್ತದೆ. ಬೆಣ್ಣೆ ತಣ್ಣಗಿರಲಿ, ಬೆರಳ ತುದಿಯಲ್ಲಿ ಮೈದಾಕ್ಕೆ ಉಜ್ಜಿ. ಪೇಟೆಯ ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮೊಸರು ಹಾಕಿದ ಮೇಲೆ ನಾದಬೇಡಿ. ಒಂದಾದರೆ ಸಾಕು.

ಕುದಿಯುವ ಹಣ್ಣನ್ನು ಪಾತ್ರೆಗೆ ಸುರಿದ ತಕ್ಷಣ ಹಿಟ್ಟು ಹಾಕಿ. ಗಾಜಿನ ಪಾತ್ರೆಯನ್ನು ಮೊದಲು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒರೆಸಿಡಿ, ತಣ್ಣನೆ ಗಾಜು ಒಡೆಯಬಹುದು. ಪಿಂಗಾಣಿ ಇದ್ದರೆ ಇನ್ನೂ ಒಳ್ಳೆಯದು. ಹಿಟ್ಟನ್ನು ಪೂರ್ತಿ ಹರಡಿ ಮುಚ್ಚಬೇಡಿ. ಚಮಚದಿಂದ ಅಲ್ಲಲ್ಲಿ ಉಂಡೆ ಉಂಡೆಯಾಗಿ ಹಾಕಿ, ನಡುವೆ ಹಣ್ಣು ಕಾಣಲಿ. ಹಬೆ ಹೋಗಲು ದಾರಿ ಇಲ್ಲದಿದ್ದರೆ ಅದು ಹಿಟ್ಟಿನ ಅಡಿಗೇ ಅಂಟುತ್ತದೆ.

ಒಟಿಜಿ 200 ಡಿಗ್ರಿ, ಎರಡೂ ರಾಡ್, ಪಾತ್ರೆ ನಡುವಿನ ಅಂತಸ್ತಿನಲ್ಲಿ. ಮೊದಲೇ 15 ನಿಮಿಷ ಬಿಸಿಯಾಗಲಿ. ಹಣ್ಣು ಮೊದಲೇ ಕುದಿದಿರುವುದರಿಂದ 25 ನಿಮಿಷದ ಆಸುಪಾಸಿನಲ್ಲಿ ಆಗುತ್ತದೆ. ಗಡಿಯಾರ ನಂಬಬೇಡಿ. ನಡುವಿನ ಒಂದು ಉಂಡೆಯನ್ನು ಫೋರ್ಕಿನಿಂದ ಎತ್ತಿ ಅಡಿ ನೋಡಿ. ಬ್ರೆಡ್ಡಿನ ಹಾಗೆ ಬಿಡಿಸಿಕೊಂಡರೆ ಬೆಂದಿದೆ. ಅಡುಗೆ ಥರ್ಮಾಮೀಟರ್ ಇದ್ದರೆ ಉಂಡೆಯ ನಡುವೆ 93 ಡಿಗ್ರಿ ತೋರಿಸಬೇಕು.

ಲೈಟು ಮಂಕಾಗಿತ್ತು ಅಂದಿರಿ. ಅದು ಸಣ್ಣ ವಿಷಯ ಅಲ್ಲ. 230 ವೋಲ್ಟ್ ಬರಬೇಕಾದ ಕಡೆ 200 ಬಂದರೆ ರಾಡ್ ಕೊಡುವ ಶಾಖ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಚೆರ್ರಿ ಸಿಗುವುದು ಮೇ, ಜೂನ್‌ನಲ್ಲಿ. ಕೊಡಗಿನಲ್ಲಿ ಮಳೆ ಹಿಡಿಯುವುದೂ ಜೂನ್‌ನಲ್ಲೇ. ಹಾಗಾಗಿ ಹಣ್ಣಿನ ಕೆಲಸ ಗ್ಯಾಸ್ ಮೇಲೆ ಮುಗಿಸುವುದು ನಮ್ಮ ಜಿಲ್ಲೆಗೆ ಎಲ್ಲದಕ್ಕಿಂತ ಒಳ್ಳೆಯ ದಾರಿ. ನಡುವೆ ಕರೆಂಟು ಹೋದರೂ ಹಣ್ಣು ಹಾಳಾಗುವುದಿಲ್ಲ. ಬಾಗಿಲು ತೆಗೆಯದೆ ಇಟ್ಟರೆ ಒಳಗಿನ ಬಿಸಿಯಲ್ಲೇ ಹಿಟ್ಟು ಸ್ವಲ್ಪ ಹೊತ್ತು ಬೇಯುತ್ತಿರುತ್ತದೆ.

ಪೊನ್ನಂಪೇಟೆ ಅಡುಗೆ:

ಅಣ್ಣಾ, ನಿಂಬೆ ಬದಲು ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಹಾಕಬಹುದಾ? ಮನೆಯಲ್ಲಿ ಬಾಟಲಿಗಟ್ಟಲೆ ಇದೆ.

ಮಡಿಕೇರಿ ಓವನ್:

ಬೇಡ. ಕಾಚಂಪುಳಿ ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಇರಲಿ. ಹುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಬತ್ತಿಸಿದ್ದು ಅದು, ತುಂಬಾ ಗಡಸು ಹುಳಿ. ಚೆರ್ರಿಯ ಪರಿಮಳ ಪೂರ್ತಿ ಮುಚ್ಚಿಹೋಗುತ್ತದೆ, ಬಣ್ಣವೂ ಕಪ್ಪಾಗುತ್ತದೆ. ನಿಂಬೆ ಇಲ್ಲದಿದ್ದರೆ ಹುಳಿ ಇರುವ ಕೊಡಗಿನ ಕಿತ್ತಳೆ ರಸ ನೋಡಿ, ಅದು ಚೆರ್ರಿಗೆ ಒಗ್ಗುತ್ತದೆ.

ಗೋಣಿಕೊಪ್ಪ ತಿಂಡಿ:

ನಮ್ಮಲ್ಲಿ ತಾಜಾ ಚೆರ್ರಿ ಸಿಗುವುದೇ ಇಲ್ಲ. ಬೇಕರಿಯವರು ಕೇಕ್ ಮೇಲೆ ಇಡುವ ಕೆಂಪು ಚೆರ್ರಿ ಡಬ್ಬಿ ಸಿಗುತ್ತದೆ. ಅದರಲ್ಲಿ ಆಗುತ್ತದಾ?

ಕಾಫಿ ಹೂ:

ಅದು ಬಹಳ ಸಲ ಚೆರ್ರಿಯೇ ಆಗಿರುವುದಿಲ್ಲ. ಕವಳೆಕಾಯಿಯನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿರುತ್ತಾರೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಕಾಬ್ಲರಿಗೆ ಅದರಲ್ಲಿ ರಸವೇ ಇಲ್ಲ, ಬರೀ ಸಿಹಿ. ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಫ್ರೀಜ್ ಮಾಡಿದ ಚೆರ್ರಿ ಸಿಕ್ಕರೆ ತನ್ನಿ. ಕರಗಿದಾಗ ಬಿಡುವ ರಸ ಚೆಲ್ಲಬೇಡಿ, ಅದನ್ನೇ ಮೊದಲು ಕುದಿಸಿ ಗಟ್ಟಿ ಮಾಡಿ, ಆಮೇಲೆ ಹಣ್ಣು ಸೇರಿಸಿ. ಇಲ್ಲವೆಂದರೆ ಪ್ಲಮ್ ತೆಗೆದುಕೊಳ್ಳಿ. ಹುಳಿ ಇರುವುದರಿಂದ ನನಗೆ ಸಿಹಿ ಚೆರ್ರಿಗಿಂತ ಅದೇ ಇಷ್ಟ.

ಬೆಟ್ಟದ ಅಡುಗೆಮನೆ:

ಶನಿವಾರ ಮಾಡಿದೆ! ರಸ ಜಾಮಿಗಿಂತ ಸ್ವಲ್ಪ ತೆಳು, ಹೊಳೆಯುತ್ತಿತ್ತು. ಉಂಡೆಗಳ ಅಡಿ ಪೂರ್ತಿ ಬೆಂದಿತ್ತು, ನೀಲಿ ಎಲ್ಲೂ ಇಲ್ಲ. ನಾದಿನಿ ಮಾತ್ರ ಅಲ್ಲಿಯದು ಇನ್ನೂ ಹುಳಿ ಇರುತ್ತದೆ ಅಂದಳು. ಮುಂದಿನ ಸಲ ನಿಂಬೆ ಹೆಚ್ಚಿಸುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಉಳಿದದ್ದನ್ನು ಹೇಗೆ ಇಡೋದು? ಮತ್ತೆ ಒಂದು ಕಿಲೋ ಹಣ್ಣು ಹಾಗೇ ಇದೆ, ಬೀಜ ತೆಗೆಯುವುದೇ ದೊಡ್ಡ ಕೆಲಸ.

ಮಡಿಕೇರಿ ಓವನ್:

ತುಂಬಾ ಖುಷಿಯಾಯಿತು ಅಕ್ಕಾ. ಉಳಿದದ್ದು ಪೂರ್ತಿ ತಣಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ಬಿಸಿಯಿರುವಾಗ ಮುಚ್ಚಿದರೆ ಹಬೆಗೆ ಮೇಲಿನ ಪದರ ಒದ್ದೆಯಾಗುತ್ತದೆ. ಮತ್ತೆ ಬಿಸಿ ಮಾಡುವುದು ಒಟಿಜಿಯಲ್ಲೇ, 160 ಡಿಗ್ರಿಯಲ್ಲಿ ಕಾಲು ಗಂಟೆ. ಮೈಕ್ರೋವೇವ್ ಹಿಟ್ಟನ್ನು ರಬ್ಬರ್ ಮಾಡಿಬಿಡುತ್ತದೆ. ಗಾಜಿನ ಪಾತ್ರೆಯಾದರೆ ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟು, ಅದರ ತಂಪು ಹೋದ ಮೇಲೆ ಒಟಿಜಿಯೊಳಗಿಡಿ.

ಬೀಜಕ್ಕೆ ಕಿರಿದಾದ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ತೊಟ್ಟು ಕಿತ್ತ ಹಣ್ಣನ್ನು ಬಾಯಿಯ ಮೇಲಿಟ್ಟು ಚಾಪ್‌ಸ್ಟಿಕ್ಕಿನಿಂದ ಒತ್ತಿದರೆ ಬೀಜ ಬಾಟಲಿಯೊಳಗೆ ಬೀಳುತ್ತದೆ, ರಸವೂ ಸಿಡಿಯುವುದಿಲ್ಲ. ಎಷ್ಟು ಹಣ್ಣು, ಅಷ್ಟೇ ಬೀಜ ಬಾಟಲಿಯಲ್ಲಿರಬೇಕು. ಮಕ್ಕಳು ತಿನ್ನುವಾಗ ಒಂದು ಉಳಿದರೂ ಹಲ್ಲಿಗೆ ಕಷ್ಟ. ಬೀಜವನ್ನು ಜಜ್ಜಿ ಯಾವುದಕ್ಕೂ ಹಾಕಬೇಡಿ, ಅದರೊಳಗಿನ ತಿರುಳಿನಿಂದ ಸಯನೈಡ್ ಹುಟ್ಟುತ್ತದೆ.

ಬೀಜ ತೆಗೆದದ್ದನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಕವರಿಗೆ ತುಂಬಿ ಗಾಳಿ ತೆಗೆದು ಕಟ್ಟಿ. ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದಾದರೆ ಫ್ರೀಜರ್ ನಂಬಬೇಡಿ. ಸಕ್ಕರೆ, ನಿಂಬೆ ಹಾಕಿ ಈಗಲೇ ಜಾಮ್ ಮಾಡಿಬಿಡಿ.