ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟಿದೆ?

ಪ್ರಶ್ನೆ: ಮೇಡಂ, ಮಗನಿಗೆ ಆರು ವರ್ಷ. ಸ್ಕೂಲಿಂದ ಬಂದ ತಕ್ಷಣ ತಿನ್ನೋಕೆ ಏನಾದ್ರೂ ಬೇಕು. ಮಾಮೂಲಿ ಬಿಸ್ಕತ್ ಬಿಡಿಸಿ ರಾಗಿ ಬಿಸ್ಕತ್ ಕೊಡ್ತಿದೀನಿ. ಪ್ಯಾಕೆಟ್ ಹಿಂದೆ ಹೀಗಿದೆ: ಮೈದಾ 48%, ಸಕ್ಕರೆ, ಪಾಮ್ ಎಣ್ಣೆ, ರಾಗಿ ಹಿಟ್ಟು 12%, ಇನ್ವರ್ಟ್ ಸಿರಪ್, ಐಎನ್‌ಎಸ್ (ಆಹಾರಕ್ಕೆ ಸೇರಿಸೋ ಪದಾರ್ಥಗಳ ಅಂತರರಾಷ್ಟ್ರೀಯ ನಂಬರ್) 500, 503, 322, 472ಇ, ಕೃತಕ ವೆನಿಲಾ. ಇದೂ ಅಲ್ಟ್ರಾ ಪ್ರೊಸೆಸ್ಡ್, ಅಂದ್ರೆ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿಂಡಿ ಲೆಕ್ಕಕ್ಕೇ ಬರುತ್ತಾ?

ಡಯಟೀಷಿಯನ್: ಬರುತ್ತೆ. ಜಾಸ್ತಿ ತೂಕದ್ದು ಮೊದಲು, ಕಮ್ಮಿಯದು ಕೊನೆಗೆ, ಹೀಗೇ ಬರೀಬೇಕು ಅನ್ನೋದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ. ಇಲ್ಲಿ ಸಕ್ಕರೆ, ಪಾಮ್ ಎಣ್ಣೆ ಎರಡೂ ರಾಗಿಗಿಂತ ಮುಂದಿವೆ. ಅಂದ್ರೆ ಒಂದೊಂದೂ 12%ಗಿಂತ ಕಮ್ಮಿ ಇರೋಕೆ ಸಾಧ್ಯ ಇಲ್ಲ. 10 ಗ್ರಾಂನ ಬಿಸ್ಕತ್ತಿನಲ್ಲಿ ರಾಗಿ 1.2 ಗ್ರಾಂ, ಅರ್ಧ ಟೀ ಚಮಚವೂ ಆಗಲ್ಲ. ಹೆಸರಲ್ಲೇ ರಾಗಿ ಅಂತ ಎತ್ತಿ ಹೇಳಿದ್ದಕ್ಕೆ ಆ ಶೇಕಡಾವಾರು ಬರೆಯೋದು ಅವರಿಗೆ ಕಡ್ಡಾಯ. ಪ್ಯಾಕೆಟ್ ಮುಂಭಾಗದ ತೆನೆ ಚಿತ್ರ ಬಿಟ್ಟು ಅದನ್ನ ಹುಡುಕಿ.

ನಂಬರ್ ಕಂಡಕೂಡಲೇ ಗಾಬರಿ ಬೇಡ. 500 ಅಂದ್ರೆ ಅಡುಗೆ ಸೋಡಾ ಜಾತಿಯದು. ಬ್ರೆಜಿಲ್‌ನ ಕಾರ್ಲೋಸ್ ಮೊಂಟೆರೊ ತಂಡದ ನೋವಾ ವರ್ಗೀಕರಣ ಆಹಾರವನ್ನ ಸಂಸ್ಕರಣೆಯ ಮಟ್ಟದ ಮೇಲೆ ನಾಲ್ಕು ಗುಂಪು ಮಾಡುತ್ತೆ. ಅದರಲ್ಲಿ ಈ ಬಿಸ್ಕತ್ತನ್ನ ನಾಲ್ಕನೇ, ಅಂದ್ರೆ ಅಲ್ಟ್ರಾ ಪ್ರೊಸೆಸ್ಡ್ ಗುಂಪಿಗೆ ತಳ್ಳೋದು ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಇರದ ಸಾಮಾನು: ಇನ್ವರ್ಟ್ ಸಿರಪ್ (ಸಕ್ಕರೆ ಒಡೆದು ಮಾಡಿದ ಪಾಕ), 472ಇ (ಎಣ್ಣೆ, ನೀರು ಬೆರೆಸೋ ಎಮಲ್ಸಿಫೈಯರ್), ಕೃತಕ ವೆನಿಲಾ. ಇಂಥ ತಿಂಡಿ ಹೊಟ್ಟೆ ತುಂಬಿದ್ದು ಗೊತ್ತಾಗೋ ಮುಂಚೆಯೇ ಒಳಗೆ ಹೋಗಿರುತ್ತೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ 20 ಜನಕ್ಕೆ ಎರಡು ವಾರ ಈ ಬಗೆಯ ಊಟ, ಎರಡು ವಾರ ಸಾದಾ ಊಟ ಬಡಿಸಿದರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚುಕಮ್ಮಿ ಒಂದೇ. ಆದರೂ ಮೊದಲನೆಯದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು.

ಸಂಜೆಗೆ ಹುರಿಹಿಟ್ಟು ಇಟ್ಕೊಳ್ಳಿ. ಮೂರು ದೊಡ್ಡ ಚಮಚ ಹಿಟ್ಟು, ಅರ್ಧ ಲೋಟ ಬಿಸಿ ಹಾಲು, ಒಂದು ಚಮಚ ಬೆಲ್ಲದ ಪುಡಿ, ಸ್ವಲ್ಪ ಕಾಯಿತುರಿ. ಒಲೆ ಹಚ್ಚೋ ಕೆಲಸವೂ ಹಾಲಿನಷ್ಟೇ.

ಪ್ರಶ್ನೆ: ಹುರಿಹಿಟ್ಟಿಗೆ ಅಂತ ರಾಗಿ ಹುರಿದರೆ ಅರಳ್ತಾನೇ ಇಲ್ಲ, ಸೀದು ಹೋಗುತ್ತೆ. ಬಾಣಲೆ ಚೆನ್ನಾಗೇ ಕಾಯಿಸಿದ್ದೆ.

ಆಹಾರ ತಂತ್ರಜ್ಞ: ಕಾಳಲ್ಲಿ ತೇವ ಸಾಲದು. ಒಳಗಿನ ನೀರು ಒಮ್ಮೆಲೇ ಆವಿಯಾಗಿ ಸಿಪ್ಪೆ ಒಡೆದರೆ ತಾನೇ ಅರಳೋದು? ಅಂಗಡಿ ರಾಗಿಯ ತೇವಾಂಶ 11-12% ಇರುತ್ತೆ, ಅದು 19%ರ ಹತ್ತಿರ ಬರಬೇಕು. ಒಂದು ಕೆ.ಜಿ. ರಾಗಿಗೆ ಸುಮಾರು 90 ಮಿ.ಲೀ. ನೀರು ಚಿಮುಕಿಸಿ ಕೈಯಲ್ಲಿ ಚೆನ್ನಾಗಿ ಉಜ್ಜಿ ಕಲಸಿ, ಮುಚ್ಚಳ ಭದ್ರ ಇರೋ ಡಬ್ಬಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿರಬೇಕು, ಕೈಗೆ ಅಂಟಬಾರದು. ಅಂಟಿದರೆ ನೀರು ಹೆಚ್ಚಾಗಿದೆ, ಬಟ್ಟೆ ಮೇಲೆ ಅರ್ಧ ಗಂಟೆ ಹರಡಿ.

ದಪ್ಪ ತಳದ ಬಾಣಲೆಗೆ ಒಂದೇ ಹಿಡಿ ಹಾಕಿ. ಜಾಸ್ತಿ ಸುರಿದರೆ ಬಾಣಲೆ ಕಾವು ಇಳಿದು ಕಾಳು ಅರಳದೆ ಬೇಯುತ್ತೆ. ಚಟಪಟ ಸದ್ದು ನಿಲ್ಲುತ್ತಿದ್ದಂತೆ ಇಳಿಸಿ, ಪೂರ್ತಿ ಆರಿದ ಮೇಲೆ ಮಿಲ್ಲಿಗೆ ಕೊಡಿ. ಖಾರದ ಪುಡಿ ಬೀಸಿದ ಕಲ್ಲಿಗೆ ಹಾಕಿಸಬೇಡಿ! ಹಿಟ್ಟಿನಲ್ಲಿ ಎಣ್ಣೆಯಂಶ ಇರೋದರಿಂದ ತಿಂಗಳ ಮೇಲೆ ಮುಗ್ಗಲು ವಾಸನೆ ಹಿಡಿಯುತ್ತೆ. ಒಂದೊಂದು ಕೆ.ಜಿ.ಯಷ್ಟೇ ಮಾಡಿಸೋದು ಒಳ್ಳೇದು.

ಪ್ರಶ್ನೆ: ಪ್ಯಾಕೆಟ್ ದೋಸೆ ಹಿಟ್ಟು?

ಡಯಟೀಷಿಯನ್: ಅಕ್ಕಿ, ಉದ್ದು, ಮೆಂತ್ಯ, ನೀರು, ಉಪ್ಪು, ಇಷ್ಟೇ ಇದ್ರೆ ಧಾರಾಳವಾಗಿ ತಗೊಳ್ಳಿ. ಪ್ಯಾಕೆಟ್ ಆದ ಮಾತ್ರಕ್ಕೆ ಅಲ್ಟ್ರಾ ಪ್ರೊಸೆಸ್ಡ್ ಆಗಲ್ಲ.

ಪ್ರಶ್ನೆ: ನಮ್ಮತ್ತೆಗೆ ಶುಗರ್ ಇದೆ. ಅವರಿಗೂ ಹುರಿಹಿಟ್ಟು ಕೊಡಬಹುದಾ?

ಡಯಟೀಷಿಯನ್: ರಾಗಿ ಅಂದ್ರೆ ಶುಗರ್ ಏರಲ್ಲ ಅನ್ನೋ ನಂಬಿಕೆ ಬಿಡಿ. ಅರಳಿಸಿ ನುಣ್ಣಗೆ ಬೀಸಿದ ಹಿಟ್ಟಿನ ಪಿಷ್ಟ ಬೇಗ ಜೀರ್ಣವಾಗುತ್ತೆ, ಅದಕ್ಕೆ ಬೆಲ್ಲವೂ ಸೇರಿದ್ರೆ ಇನ್ನೂ ಬೇಗ ಏರುತ್ತೆ. ಅವರಿಗೆ ಸೊಪ್ಪು, ಈರುಳ್ಳಿ ಹಾಕಿದ ರಾಗಿ ರೊಟ್ಟಿ, ಜೊತೆಗೆ ಹುರುಳಿ ಅಥವಾ ಹೆಸರುಕಾಳು ಪಲ್ಯ ವಾಸಿ. ಹುರಿಹಿಟ್ಟೇ ಬೇಕು ಅಂದ್ರೆ ಎರಡು ಚಮಚ, ಮಜ್ಜಿಗೆಯಲ್ಲಿ, ಬೆಲ್ಲ ಇಲ್ಲದೆ, ಒಂದು ಹಿಡಿ ಕಡಲೆಕಾಯಿ ಬೀಜದ ಜೊತೆ. ಮೊದಲ ಸಲ ಕೊಟ್ಟ ದಿನ ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಜಾಸ್ತಿ ಬಂದಿದ್ರೆ ಹಿಟ್ಟು ಕಮ್ಮಿ ಮಾಡಿ, ಮಾತ್ರೆ ಡೋಸ್ ಮಾತ್ರ ಡಾಕ್ಟರನ್ನ ಕೇಳದೆ ಮುಟ್ಟಬೇಡಿ.