ಯುಗಾದಿಯಲ್ಲಿ ಉಳಿದ ಹೂರಣ, ಒಬ್ಬಟ್ಟಿನ ಸಾರು, ಕೋಸಂಬರಿ, ಅನ್ನ: ಏನೇನು ಮಾಡಬಹುದು?

ಪ್ರಶ್ನೆ: ಹೂರಣ ಎರಡು ಬಟ್ಟಲು, ಒಬ್ಬಟ್ಟು ಹತ್ತು, ಸಾರು ಒಂದು ಪಾತ್ರೆ, ಜೊತೆಗೆ ಕೋಸಂಬರಿ, ಆಂಬೊಡೆ, ಅನ್ನ ಉಳಿದಿದೆ. ಅದನ್ನೇ ಬಿಸಿ ಮಾಡಿ ಬಡಿಸಿದರೆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬೇರೆ ಏನು ಮಾಡಬಹುದು, ಯಾವುದನ್ನು ಎಷ್ಟು ದಿನ ಇಡಬಹುದು? ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಉತ್ತರ: ಏನು ಮಾಡಬೇಕು ಅನ್ನುವುದನ್ನು ಹಬ್ಬದ ಸಂಜೆಯೇ ತೀರ್ಮಾನಿಸಿ. ಹಳೇ ಮೈಸೂರು ಕಡೆ ಮಾರನೇ ದಿನ ಹೊಸತೊಡಕು. ಬಾಡೂಟದ ಮುಂದೆ ಒಬ್ಬಟ್ಟನ್ನು ಕೇಳುವವರಿಲ್ಲ, ಉಳಿದದ್ದೆಲ್ಲ ಮೂರನೇ ದಿನಕ್ಕೆ ಜಾರುತ್ತದೆ. ಯುಗಾದಿ ಬರುವುದೇ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ. ಹಸಿ ತೆಂಗಿನಕಾಯಿ, ಸೌತೆಕಾಯಿ ಇರುವ ಕೋಸಂಬರಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಅನ್ನ, ಹೂರಣ ಆಮೇಲೆ. ಹುಣಸೆಹುಳಿ ಇರುವ ಸಾರು ಕೊನೆಗೆ.

ಅನ್ನದ ವಿಷಯದಲ್ಲಿ ಉದಾಸೀನ ಬೇಡ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ, ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೇ ದಿನವೇ ಬಳಸಿ.

ಉತ್ತರ: ಹೂರಣವಿದ್ದರೆ ಸುಕ್ಕಿನುಂಡೆಗಿಂತ (ಹೂರಣದ ಉಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದು) ಒಳ್ಳೆಯ ದಾರಿ ಇಲ್ಲ. ಮೊದಲು ಹೂರಣದ ಹದ ನೋಡಿ. ಬೇಳೆ ಸರಿಯಾಗಿ ಬಸಿಯದಿದ್ದರೆ ಮಾರನೇ ದಿನ ತೆಳ್ಳಗಾಗಿರುತ್ತದೆ. ಅದಕ್ಕೆ ಹಿಟ್ಟು ಬೆರೆಸಬೇಡಿ, ಹಸಿ ವಾಸನೆ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಬಟ್ಟಲಿಗೆ ಒಂದು ಚಮಚ ತುಪ್ಪ ಹಾಕಿ, ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಮಗುಚಿ. ತಳ ಬಿಟ್ಟು ಒಂದೆಡೆ ಸೇರುವಾಗ ಇಳಿಸಿ. ಬಿಸಿಯಲ್ಲಿ ಸ್ವಲ್ಪ ಮೆತ್ತಗೇ ಇರಬೇಕು, ಆರಿದಾಗ ತಾನಾಗಿ ಗಟ್ಟಿಯಾಗುತ್ತದೆ. ಜಾಸ್ತಿ ಮಗುಚಿದರೆ ಬೆಲ್ಲ ಪಾಕಕ್ಕೆ ಬಂದು ಪುಡಿಪುಡಿಯಾಗುತ್ತದೆ. ಆಗ ಒಂದು ಚಮಚ ಬಿಸಿ ನೀರು ಚಿಮುಕಿಸಿ ನಾದಿದರೆ ಸರಿಹೋಗುತ್ತದೆ.

ಮೇಲಿನ ಹಿಟ್ಟಿಗೆ ಒಂದು ಬಟ್ಟಲು ದೋಸೆ ಅಕ್ಕಿ, ಎರಡು ದೊಡ್ಡ ಚಮಚ ಉದ್ದಿನಬೇಳೆ ಮೂರು ಗಂಟೆ ನೆನೆಸಿ, ಚಿಟಿಕೆ ಉಪ್ಪು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಿ. ಪುರುಸೊತ್ತಿಲ್ಲದವರು ಅರ್ಧ ಬಟ್ಟಲು ಮೈದಾ, ಕಾಲು ಬಟ್ಟಲು ಅಕ್ಕಿಹಿಟ್ಟು ಕಲಸಿಕೊಳ್ಳಬಹುದು, ಆದರೆ ರುಬ್ಬಿದ್ದರ ಗರಿ ಅದಕ್ಕೆ ಬಾರದು. ಸಣ್ಣ ನಿಂಬೆ ಗಾತ್ರದ ಉಂಡೆ ಕಟ್ಟಿ, ಒಣ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಹಿಟ್ಟಿನಲ್ಲಿ ಅದ್ದಿ ಕರಿಯಿರಿ. ಹೊರಳಿಸುವುದನ್ನು ಬಿಡಬೇಡಿ: ಫ್ರಿಜ್ಜಿನಿಂದ ತೆಗೆದ ಉಂಡೆಯ ಮೇಲೆ ನೀರಿನ ಪಸೆ ಕೂತು, ಮೇಲಿನ ಹಿಟ್ಟು ಎಣ್ಣೆಯಲ್ಲಿ ಜಾರಿಬಿಡುತ್ತದೆ. ಎಲ್ಲಾದರೂ ಸಣ್ಣ ತೂತು ಉಳಿದರೆ ಬೆಲ್ಲ ಹೊರಬಂದು ಇಡೀ ಎಣ್ಣೆ ಕಪ್ಪಾಗುತ್ತದೆ. ಒಂದು ಸಲಕ್ಕೆ ನಾಲ್ಕೈದು ಉಂಡೆ ಸಾಕು.

ಉತ್ತರ: ಕರಿದದ್ದು ಬೇಡ ಅನ್ನುವವರಿಗೆ ಹೂರಣದ ಪಾಯಸ. ಒಂದು ಬಟ್ಟಲು ಹೂರಣಕ್ಕೆ ಒಂದೂವರೆ ಬಟ್ಟಲು ನೀರು ಬೆರೆಸಿ, ಗಂಟಿಲ್ಲದಂತೆ ಕದಡಿ ಐದು ನಿಮಿಷ ಕುದಿಸಿ. ಉರಿ ಸಣ್ಣ ಮಾಡಿ ಒಂದು ಬಟ್ಟಲು ಗಟ್ಟಿ ತೆಂಗಿನಹಾಲು ಹಾಕಿ, ಅಂಚಿನಲ್ಲಿ ನೊರೆ ಕಂಡ ಕೂಡಲೇ ಇಳಿಸಿ. ಹಸುವಿನ ಹಾಲೇ ಬೇಕಿದ್ದರೆ ಪಾಯಸ ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಬೆರೆಸಿ. ಕುದಿಯುವ ಬೆಲ್ಲಕ್ಕೆ ಸುರಿದರೆ ಹಾಲು ಒಡೆಯುತ್ತದೆ.

ಹೂರಣ ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ತೆಂಗಿನಕಾಯಿ ರುಬ್ಬಿ ಹಾಕಿದ್ದರೆ ಎರಡೇ ದಿನ. ಒಂದು ಹೊತ್ತಿಗೆ ಬೇಕಾದಷ್ಟೇ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಧಾರಾಳ.

ಒಬ್ಬಟ್ಟನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಬೇಡಿ, ಕಣಕ ಚರ್ಮದಂತಾಗುತ್ತದೆ. ಸಣ್ಣ ಉರಿಯ ಕಾವಲಿಯ ಮೇಲೆ ತುಪ್ಪ ಸವರಿ ಎರಡೂ ಬದಿ ಗರಿಯಾಗುವವರೆಗೆ ಬಿಡಿ.

ಉತ್ತರ: ಸಾರಿನ ಬಗ್ಗೆ ಯಾರೂ ಹೇಳಲಿಲ್ಲ! ಒಬ್ಬಟ್ಟಿನ ಸಾರು ಮಾರನೇ ದಿನವೇ ರುಚಿ, ಅದನ್ನು ಉಳಿದದ್ದು ಅನ್ನಬಾರದು. ಫ್ರಿಜ್ಜಿಲ್ಲದಿದ್ದರೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಮಳ್ಳುವಂತೆ ಕುದಿಸಿ, ಎಂಜಲು ಸೌಟು ತಾಗಿಸಬೇಡಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲೇ ಇರಲಿ. ಮೂರನೇ ದಿನಕ್ಕೆ ಉಳಿದದ್ದನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ: ದೋಸೆಗೆ ಒಳ್ಳೆಯ ಗೊಜ್ಜು. ಇಂಗಿದಂತೆ ಉಪ್ಪು ಏರುತ್ತದೆ, ಮತ್ತೆ ಉಪ್ಪು ಹಾಕಬೇಡಿ. ಬೇಳೆ ಬೇಯಿಸಿ ಬಸಿದ ನೀರು, ಅಂದರೆ ಕಟ್ಟು, ಸಾರಿಗೆ ಹಾಕದೆ ಹಾಗೇ ಉಳಿದಿದ್ದರೆ ಅದರಲ್ಲೇ ಚಪಾತಿ ಹಿಟ್ಟು ಕಲಸಿ, ಮೆತ್ತಗಿರುತ್ತದೆ.

ಉತ್ತರ: ಕೋಸಂಬರಿ ಅಕ್ಕಿರೊಟ್ಟಿಗೆ. ಒಂದು ಬಟ್ಟಲು ಕೋಸಂಬರಿಗೆ ಎರಡು ಬಟ್ಟಲು ಅಕ್ಕಿಹಿಟ್ಟು, ಈರುಳ್ಳಿ, ಜೀರಿಗೆ. ಉಪ್ಪಿಗೆ ಬಿಟ್ಟ ನೀರನ್ನು ಚೆಲ್ಲದೆ ಮೊದಲು ಅದರಲ್ಲೇ ಕಲಸಿ, ಸಾಲದಿದ್ದರೆ ಬಿಸಿ ನೀರು ಸೇರಿಸಿ. ನೆನೆದ ಹೆಸರುಬೇಳೆ ಇಡಿಯಾಗಿರುವುದರಿಂದ ತೀರಾ ತೆಳ್ಳಗೆ ತಟ್ಟಿದರೆ ಹರಿಯುತ್ತದೆ. ಮುಚ್ಚಳ ಮುಚ್ಚಿ ಬೇಯಿಸಿ. ಮುಟ್ಟಿದಾಗ ಲೋಳೆ ಅನ್ನಿಸಿದರೆ ಮಾತ್ರ ಯೋಚಿಸದೆ ಗೊಬ್ಬರಕ್ಕೆ ಹಾಕಿ.

ಆಂಬೊಡೆಗೆ ಮಜ್ಜಿಗೆಹುಳಿಯೇ ಸರಿ. ಅರ್ಧ ಬಟ್ಟಲು ಕಾಯಿತುರಿ, ನೆನೆಸಿದ ಕಡಲೆಬೇಳೆ ಒಂದು ದೊಡ್ಡ ಚಮಚ, ಹಸಿಮೆಣಸಿನಕಾಯಿ ನಾಲ್ಕು, ಶುಂಠಿ, ಜೀರಿಗೆ ನುಣ್ಣಗೆ ರುಬ್ಬಿ, ಒಂದು ಬಟ್ಟಲು ನೀರಿನಲ್ಲಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಉರಿ ತಗ್ಗಿಸಿ, ಕಡೆದ ಮೊಸರು ಎರಡು ಬಟ್ಟಲು ಹಾಕಿ, ಉಕ್ಕುವ ಮೊದಲೇ ಇಳಿಸಿ. ಕೊತಕೊತ ಕುದಿದರೆ ಮೊಸರು ಒಡೆಯುತ್ತದೆ. ರುಬ್ಬಿ ಹಾಕಿದ ಕಡಲೆಬೇಳೆ ಅದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಹಳೇ ಆಂಬೊಡೆ ಗಟ್ಟಿ, ಆದ್ದರಿಂದ ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಬಡಿಸುವ ಕಾಲು ಗಂಟೆ ಮುಂಚೆ ಹುಳಿಗೆ ಬಿಡಿ. ಬೆಳಿಗ್ಗೆಯೇ ಹಾಕಿಟ್ಟರೆ ಮಧ್ಯಾಹ್ನಕ್ಕೆ ಕರಗಿ ಮುದ್ದೆಯಾಗಿರುತ್ತದೆ.

ಮತ್ತೆ ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟ ಬಿಳಿ ಅನ್ನ ಚಿತ್ರಾನ್ನ ಮಾಡಿದರೂ ಮುಗಿಯದಷ್ಟಿದೆ. ಬಿಸಿಲು ಚೆನ್ನಾಗಿದೆ, ಸಂಡಿಗೆ ಆಗುತ್ತದೆಯೇ?

ಉತ್ತರ: ಆಗುತ್ತದೆ, ಯುಗಾದಿಯ ಬಿಸಿಲು ಅದಕ್ಕೆ ಹೇಳಿಮಾಡಿಸಿದ್ದು. ಎರಡು ಬಟ್ಟಲು ಅನ್ನ, ಹಸಿಮೆಣಸಿನಕಾಯಿ ಮೂರು, ಅರ್ಧ ಚಮಚ ಉಪ್ಪು, ಇಂಗು, ಎರಡು ಚಮಚ ಹುಳಿ ಮಜ್ಜಿಗೆ ಸೇರಿಸಿ ರುಬ್ಬಿ, ಆಮೇಲೆ ಇಡಿ ಜೀರಿಗೆ ಬೆರೆಸಿ. ಹಸಿ ಹಿಟ್ಟು ಬಾಯಿಗಿಟ್ಟಾಗ ಉಪ್ಪು ಕಮ್ಮಿ ಅನ್ನಿಸಬೇಕು, ಒಣಗಿದ ಮೇಲೆ ಅದು ಎದ್ದು ಕಾಣುತ್ತದೆ. ಚಮಚದಲ್ಲಿ ಸಣ್ಣ ಸಣ್ಣದಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಿ. ಬೆಳಿಗ್ಗೆ ಎಂಟು ಗಂಟೆಯೊಳಗೆ ಇಟ್ಟರೆ ಸಂಜೆಗೆ ಮೇಲ್ಮೈ ಒಣಗುತ್ತದೆ, ಎರಡನೇ ದಿನ ಮಗುಚಿ ಹಾಕಿ, ಮೂರನೇ ದಿನ ಮುರಿದು ನೋಡಿ. ಟಕ್ಕೆಂದು ಮುರಿಯಬೇಕು. ಬಾಗಿದರೆ ಒಳಗೆ ಪಸೆ ಇದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಇನ್ನೊಂದು ದಿನ ಒಣಗಿಸಿ. ಒಗ್ಗರಣೆ ಹಾಕಿದ ಚಿತ್ರಾನ್ನವನ್ನು ಇದಕ್ಕೆ ಸೇರಿಸಬೇಡಿ, ಎಣ್ಣೆಯಂಶ ಕೆಲವೇ ವಾರಗಳಲ್ಲಿ ಕಮಟು ವಾಸನೆ ಬರಿಸುತ್ತದೆ.