ಚಳ್ಳಕೆರೆ: ಮೂರು ತಿಂಗಳಿಗೆ ಸ್ಟಾಕಲ್ಲಿ 42,000 ಕಮ್ಮಿ ಬರ್ತಿದೆ, ಎಲ್ಲಿ ಹುಡುಕಬೇಕು?

ಚಳ್ಳಕೆರೆ_ಅಂಗಡಿ ಕೇಳಿದ್ದು:

1,400 ಚದರ ಅಡಿಯ ಸೂಪರ್ ಮಾರ್ಕೆಟ್. ಮನೆಯವರು ಮೂವರು, ಕೆಲಸದವರು ನಾಲ್ವರು. ತಿಂಗಳ ವ್ಯಾಪಾರ 9 ಲಕ್ಷದ ಆಸುಪಾಸು. ಮೂರು ತಿಂಗಳಿಗೊಮ್ಮೆ ಪೂರ್ತಿ ಎಣಿಸಿದಾಗ ಸಾಫ್ಟ್‌ವೇರ್ ಲೆಕ್ಕಕ್ಕಿಂತ 42,000 ರೂಪಾಯಿ ಸರಕು ಕಮ್ಮಿ. ಎಂಟು ಕ್ಯಾಮೆರಾ ಇವೆ, ಎರಡು ವಾರದ ರೆಕಾರ್ಡಿಂಗ್ ನೋಡಿದರೂ ಹೇಳಿಕೊಳ್ಳುವಂಥ ಕಳ್ಳತನ ಕಾಣಲಿಲ್ಲ. ಬೇಳೆ, ಸಕ್ಕರೆ, ರವೆ, ಅಕ್ಕಿ ಸೇರಿ ತಿಂಗಳಿಗೆ 60 ಚೀಲ ಹಿಂದಿನ ರೂಮಲ್ಲೇ ಪ್ಯಾಕ್ ಆಗುತ್ತೆ. ಎಲ್ಲಿಂದ ಶುರು ಮಾಡಬೇಕು?

ತಕ್ಕಡಿ_ಬಟ್ಟು:

ಮೊದಲು ಒಂದು ಮಾತು ಹೇಳ್ರಿ: 42,000 ಖರೀದಿ ಬೆಲೆಗೋ, ಮಾರೋ ಬೆಲೆಗೋ? ಮೂರು ತಿಂಗಳ 27 ಲಕ್ಷ ವ್ಯಾಪಾರಕ್ಕೆ ಅದು ಶೇ 1.56. ಮಾರೋ ಬೆಲೆಗೆ ಹಾಕಿದ್ದು, ಮಾರ್ಜಿನ್ ಸರಾಸರಿ ಶೇ 14 ಅಂದ್ರೆ ಕೈಯಿಂದ ಹೋಗಿದ್ದು 36,000 ಅಷ್ಟೇ.

ಕ್ಯಾಮೆರಾ ಬಿಟ್ಟು ಪ್ಯಾಕಿಂಗ್ ರೂಮಿಗೆ ಹೋಗ್ರಿ. 50 ಕೆಜಿ ಚೀಲ ಬಂತು, ಸಾಫ್ಟ್‌ವೇರಲ್ಲಿ 50 ಪ್ಯಾಕೆಟ್ ಅಂತ ಏರಿಸಿದ್ರಿ. ಸೋರಿಕೆ ಶುರುವಾಗೋದೇ ಅಲ್ಲಿ. ಚೀಲವನ್ನ ತುಂಬಿದ್ದಾಗ ಒಮ್ಮೆ ತೂಗಿ, ಖಾಲಿ ಮಾಡಿ ಚೀಲ ಒಂದನ್ನೇ ಮತ್ತೆ ತೂಗ್ರಿ. ಸೆಣಬಿನ ಚೀಲನೇ ಅರ್ಧ ಕೆಜಿ ಮೇಲೆ ತೂಗುತ್ತೆ, ಪ್ಲಾಸ್ಟಿಕ್ ನೇಯ್ಗೆದು ನೂರು ಗ್ರಾಂ ಚಿಲ್ಲರೆ. ಬಿಲ್ಲಲ್ಲಿ ಚೀಲ ಸೇರಿಸಿ 50 ಹಾಕಿದಾರೋ, ನಿವ್ವಳ 50 ಹಾಕಿದಾರೋ ನೋಡ್ರಿ.

ಇನ್ನೊಂದು, ತೂಕದ ಮಷೀನು. 30 ಕೆಜಿ ಮಷೀನು 5 ಗ್ರಾಂ ಮೆಟ್ಟಿಲಲ್ಲಿ ಓಡುತ್ತೆ. ಅದರಲ್ಲಿ 100 ಗ್ರಾಂ ಜೀರಿಗೆ ತೂಗಿದ್ರೆ ಎರಡೂವರೆ ಗ್ರಾಂ ಆಕಡೆ ಈಕಡೆ ಆದ್ರೂ ಗೊತ್ತಾಗಲ್ಲ. ಅಂದ್ರೆ ಶೇ 2.5, ಜೀರಿಗೆ, ಏಲಕ್ಕಿ, ಗೋಡಂಬಿ ಮೇಲೆ! ಮಸಾಲೆ, ಡ್ರೈಫ್ರೂಟ್ಸ್‌ಗೆ 6 ಕೆಜಿ, 1 ಗ್ರಾಂದು ಬೇರೆ ಇಡ್ರಿ. ಎಲೆಕ್ಟ್ರಾನಿಕ್ ಮಷೀನಿಗೆ ಕಾನೂನು ಮಾಪನ (ತೂಕ-ಅಳತೆ) ಇಲಾಖೆಯ ಸೀಲು ವರ್ಷಕ್ಕೊಮ್ಮೆ ಆಗಲೇಬೇಕು. ಅದರ ಜೊತೆ ದಿನಾ ಬೆಳಿಗ್ಗೆ 1 ಕೆಜಿ ಬಟ್ಟು ಇಟ್ಟು ನೋಡೋದು ನಿಮ್ಮ ಕೆಲಸ. ಖಾಲಿ ಕವರಿನ ತೂಕ ಕಳೆದೇ ತೂಗಬೇಕು, ಕವರು ಸೇರಿಸಿ 1 ಕೆಜಿ ಅಂದ್ರೆ ಗಿರಾಕಿಗೆ ಮೋಸ. ಇನ್ಸ್‌ಪೆಕ್ಟರ್ ಬಂದ್ರೆ ನೋಡೋದೂ ನಿವ್ವಳ ತೂಕನೇ.

ಎಂಟ್ರಿ_ಮಾಸ್ಟರ್:

ಮೇಲಿನದು ಸರಿ, ಆದರೆ ಪ್ಯಾಕಿಂಗ್ ಒಂದರಿಂದಲೇ 42,000 ಆಗುವುದಿಲ್ಲ. ಸಾಫ್ಟ್‌ವೇರಿನಲ್ಲಿ ನೆಗೆಟಿವ್ ಸ್ಟಾಕ್ ರಿಪೋರ್ಟ್ ತೆಗೆಯಿರಿ. ಸೊನ್ನೆಗಿಂತ ಕೆಳಗೆ ಹೋದ ಐಟಂ ಪಕ್ಕದಲ್ಲೇ ಹೆಚ್ಚಾಗಿ ಉಳಿದ ಐಟಂ ಒಂದು ಇರುತ್ತದೆ. ಗಿರಾಕಿ ಮೂರು ಬಗೆಯ ಬಿಸ್ಕತ್ತು ಆರು ತಂದರೆ ಕೌಂಟರ್ ಹುಡುಗ ಒಂದನ್ನು ಸ್ಕ್ಯಾನ್ ಮಾಡಿ 6 ಒತ್ತುತ್ತಾನೆ. ಬೆಲೆ ಒಂದೇ ಇದ್ದರೆ ದುಡ್ಡಿಗೆ ಪೆಟ್ಟಿಲ್ಲ, ಬೇರೆ ಇದ್ದರೆ ಇದೆ.

ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇದ್ದಾಗಲೂ ಇದೇ ಕಥೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಇಳಿದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಎಲ್ಲ ಶೇ 5ಕ್ಕೆ ಬಂದವಲ್ಲ, ಆಗಿನಿಂದ ಬಹಳ ಅಂಗಡಿಗಳ ಐಟಂ ಮಾಸ್ಟರಿನಲ್ಲಿ (ಸಾಫ್ಟ್‌ವೇರಿನ ಸರಕು ಪಟ್ಟಿಯಲ್ಲಿ) ಹಳೆಯ ಎಂಆರ್‌ಪಿಯ ಬ್ಯಾಚುಗಳು ಸತ್ತು ಬಿದ್ದಿವೆ. ಸ್ಕ್ಯಾನ್ ಮಾಡಿದಾಗ ಪಟ್ಟಿ ತೆರೆದುಕೊಳ್ಳುತ್ತದೆ, ಹುಡುಗ ಮೊದಲನೇ ಸಾಲಿಗೆ ಎಂಟರ್ ಒತ್ತುತ್ತಾನೆ. ಮುಗಿದ ಬ್ಯಾಚನ್ನು ಮುಚ್ಚಿಬಿಡಿ.

ಆಮೇಲೆ ಡಿಸ್ಟ್ರಿಬ್ಯೂಟರಿಗೆ ವಾಪಸ್ ಕೊಟ್ಟ ಎಕ್ಸ್‌ಪೈರಿ ಮಾಲು. ಸರಕು ಹೋಗಿರುತ್ತದೆ, ಅವರಿಂದ ಕ್ರೆಡಿಟ್ ನೋಟ್ (ವಾಪಸ್ ಮಾಲಿನ ಹಣ ಜಮಾ ಮಾಡಿದ ಚೀಟಿ) ಬಂದಿರುವುದಿಲ್ಲ, ನೀವು ಡೆಬಿಟ್ ನೋಟ್ (ವಾಪಸ್ ಕೊಟ್ಟ ಎಂಟ್ರಿ) ಹಾಕಿರುವುದಿಲ್ಲ. ಅಷ್ಟೂ ಕೊರತೆಯಾಗಿ ತೋರುತ್ತದೆ. ಇದಕ್ಕೆ ತಿರುಗುಮುರುಗು 12ಕ್ಕೆ 1 ಫ್ರೀ ಸ್ಕೀಮು: ಫ್ರೀ ಪೀಸನ್ನು ಏರಿಸದಿದ್ದರೆ ಎಣಿಸಿದಾಗ ಸ್ಟಾಕ್ ಹೆಚ್ಚಾಗಿ ಕಂಡು ನಿಜವಾದ ಕೊರತೆಯನ್ನು ಮುಚ್ಚಿಹಾಕುತ್ತದೆ.

ಕೊನೆಗೆ, ಯಾರೂ ಬಾಯಿಬಿಡದ ವಿಷಯ. ಮನೆಗೆ ಒಯ್ಯುವ ಸಾಮಾನು ಬಿಲ್ ಆಗುತ್ತಿದೆಯಾ? ಸ್ವಂತ ಬಳಕೆಗೆ ಹೋದದ್ದರ ಇನ್‌ಪುಟ್ ಟ್ಯಾಕ್ಸ್ (ಖರೀದಿಯಲ್ಲಿ ಕಟ್ಟಿ ಲೆಕ್ಕದಲ್ಲಿ ಕಳೆದುಕೊಳ್ಳುವ ತೆರಿಗೆ) ಹಾಗೇ ಇಟ್ಟುಕೊಳ್ಳುವಂತಿಲ್ಲ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ನೋಡಿ. ಕಳುವಾದದ್ದು, ಹಾಳಾಗಿ ಬಿಸಾಡಿದ್ದೂ ಅದರಲ್ಲೇ ಬರುತ್ತದೆ. ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವ್ಯಾಪಾರದ ಮೇಲೆ ಒಂದೇ ಕಡಿಮೆ ದರ ಕಟ್ಟುವ ಜಿಎಸ್‌ಟಿ ಯೋಜನೆ) ಇನ್‌ಪುಟ್ಟೇ ಇಲ್ಲ, ಆ ಚಿಂತೆ ಬೇಡ. ಆದರೂ ಸ್ಟಾಕಿನ ಲೆಕ್ಕಕ್ಕೆ ಬಿಲ್ ಬೇಕು.

ಚಳ್ಳಕೆರೆ_ಅಂಗಡಿ:

42,000 ಎಂಆರ್‌ಪಿ ಲೆಕ್ಕದ್ದು. ಮನೆ ಸಾಮಾನು ಬಿಲ್ ಆಗ್ತಿರಲಿಲ್ಲ, ತಿಂಗಳಿಗೆ 5,000 ಅಂತ ಅಂದಾಜು. ತೊಗರಿಬೇಳೆಯ ಒಂದು ಚೀಲ ಪೂರ್ತಿ ತೂಗಿದ ಲೆಕ್ಕ ಇಲ್ಲಿದೆ: ಬಿಲ್ಲಲ್ಲಿ 50 ಕೆಜಿ, ಸೆಣಬಿನ ಚೀಲ ಕಳೆದು 49.4. ಸಿಕ್ಕಿದ್ದು 1 ಕೆಜಿಯ 48 ಪ್ಯಾಕೆಟ್. ಉಳಿಕೆ 700 ಗ್ರಾಂ, ಧೂಳು ನುಚ್ಚು 120 ಗ್ರಾಂ.

ತಕ್ಕಡಿ_ಬಟ್ಟು:

49.4ರಲ್ಲಿ 820 ಗ್ರಾಂ ಕಳೆದ್ರೆ 48.58. ಅದನ್ನ 48ಕ್ಕೆ ಹಂಚಿದ್ರೆ ಪ್ಯಾಕೆಟ್ಟಿಗೆ 1,012 ಗ್ರಾಂ. ಕೆಲಸದವರ ಕೈಧಾರಾಳ ಚೀಲಕ್ಕೆ 580 ಗ್ರಾಂ ತಿಂದೈತೆ. ಉಳಿಕೆ ಮುಂದಿನ ಚೀಲಕ್ಕೆ ಸೇರಿದ್ರೂ, ಸೆಣಬಿನ ಚೀಲದ 600, ನುಚ್ಚು 120, ಧಾರಾಳ 580 ಗ್ರಾಂ ಸೇರಿ ಚೀಲಕ್ಕೆ 1.3 ಕೆಜಿ ಹೋಯ್ತು. 60 ಚೀಲಕ್ಕೆ 78 ಕೆಜಿ. ಎಲ್ಲ ಧಾನ್ಯ ಸೇರಿ ಕೆಜಿಗೆ ಸರಾಸರಿ 60 ರೂಪಾಯಿ ಅಂದ್ರೆ ತಿಂಗಳಿಗೆ 4,680, ಮೂರು ತಿಂಗಳಿಗೆ 14,040. ಮನೆ ಬಳಕೆ 15,000 ಸೇರಿಸ್ರಿ, 29,040 ಇಲ್ಲೇ ಸಿಕ್ತು. ಉಳಿದ 13,000 ಅಂದ್ರೆ ವ್ಯಾಪಾರದ ಶೇ 0.5ರ ಹತ್ತಿರ. ಕಳ್ಳತನ, ಇಲಿ, ತಪ್ಪು ಸ್ಕ್ಯಾನ್ ಎಲ್ಲ ಅದರೊಳಗೇ ಇರೋದು.

ಆದ್ರೆ ಒಂದೇ ಚೀಲದ ಲೆಕ್ಕ ನಂಬಬ್ಯಾಡ್ರಿ. ಎಲ್ಲಾ ಚೀಲನೂ ಸೆಣಬಿನದಲ್ಲ. ಸಕ್ಕರೆ ಎರಡು, ರವೆ ಎರಡು, ಅಕ್ಕಿ ಎರಡು ಹಿಂಗೇ ತೂಗಿ ನೋಡ್ರಿ.

ಮಂಡಕ್ಕಿ_ಭಟ್ಟಿ_ಕಡೆ:

ನಮ್ಮ ದಾವಣಗೆರೆ ಮಂಡಕ್ಕಿ ಮಾರ್ತೀರಾದ್ರೆ ಅದೂ ಒಂದು ತೂತು. ಚೀಲದ ಲೆಕ್ಕಕ್ಕೆ ತರೋದು, ಸೇರಿನ ಲೆಕ್ಕಕ್ಕೆ ಅಳೆಯೋದು, ಕಂಪ್ಯೂಟರಲ್ಲಿ ಕೆಜಿ. ಮೂರೂ ಯಾವತ್ತೂ ಕೂಡಲ್ಲ. ಚೀಲ ಬಿಚ್ಚಿದ ದಿನವೇ ತೂಗಿ ಪ್ಯಾಕ್ ಮಾಡಿ, ತಳದ ಪುಡಿ ತೂಗಿ ವೇಸ್ಟೇಜಿಗೆ ಬರೀರಿ. ಮಳೆಗಾಲದಲ್ಲಿ ಬಿಚ್ಚಿಟ್ಟರೆ ತೇವ ಎಳೆದು ತೂಕ ಏರುತ್ತೆ, ಗರಿಗರಿ ಹೋಗುತ್ತೆ.

ಕೊಬ್ಬರಿ ಇದಕ್ಕೆ ಉಲ್ಟಾ. ನಾಯಕನಹಟ್ಟಿ ಜಾತ್ರೇಲಿ ಹರಕೆಗೆ ಸುಡೋಕೆ ಅಂತ ಜನ ಒಯ್ಯೋದ್ರಿಂದ ಮುಂಚೆನೇ ತುಂಬಿಸಿಟ್ಟಿರ್ತೀರಿ, ಬಿಸಿಲಿಗೆ ಒಣಗಿ ತೂಕ ಇಳಿಯುತ್ತೆ. ಕೊಬ್ಬರಿ, ಈರುಳ್ಳಿ, ಬೆಲ್ಲ ಇವನ್ನ ವಾರಕ್ಕೊಮ್ಮೆ ತೂಗಿ ವ್ಯತ್ಯಾಸ ಬರೆದು ಮುಗಿಸಿ, ಮೂರು ತಿಂಗಳು ಎಳೀಬೇಡಿ.

ಎಣ್ಣೆ ಮಿಲ್ಲುಗಳ ಊರಲ್ಲೇ ಇದ್ದೀರಿ, ಗೊತ್ತಿರಬಹುದು, ಆದರೂ ಹೇಳ್ತೀನಿ: 15 ಕೆಜಿ ಟಿನ್ನು, 15 ಲೀಟರ್ ಟಿನ್ನು ಎರಡಕ್ಕೂ ಬೇರೆ ಬೇರೆ ಐಟಂ ಕೋಡ್ ಇರಬೇಕು. ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ, ಹಾಗಾಗಿ 15 ಲೀಟರ್ ಅಂದ್ರೆ 13.65 ಕೆಜಿ. ಲೀಟರಿನ ಬಿಲ್ಲಿಗೆ ಕೆಜಿ ಟಿನ್ ಎತ್ತಿಕೊಟ್ರೆ 1.35 ಕೆಜಿ ಪುಕ್ಕಟೆ.

ರವೆ, ಕಡಲೆಬೇಳೆಗೆ ಹುಳ ಬೀಳೋದು ಬಹಳ ಸಲ ಪ್ಯಾಕ್ ಮಾಡಿದ ಮೇಲಲ್ಲ, ಹುಳದ ಮೊಟ್ಟೆ ಚೀಲದಲ್ಲೇ ಬಂದಿರುತ್ತೆ. ಒಂದೇ ಸಲ 10 ದಿನಕ್ಕಿಂತ ಹೆಚ್ಚಿಂದು ಪ್ಯಾಕ್ ಮಾಡಬೇಡಿ, ಮಳೆಗಾಲದಲ್ಲಿ ರವೆ 5 ದಿನದ್ದು ಸಾಕು. ಚೀಲ ನೆಲದಿಂದ ಅರ್ಧ ಅಡಿ ಹಲಗೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಇರಲಿ.

ಚಳ್ಳಕೆರೆ_ಅಂಗಡಿ:

ಚೀಲದ ತೂಕ ಮಂಡಿಯವರನ್ನ ಕೇಳಿದರೆ ಒಪ್ತಾರಾ? ಮತ್ತೆ ಪೂರ್ತಿ ಎಣಿಕೆಗೆ ಎರಡು ದಿನ ಬಾಗಿಲು ಹಾಕಬೇಕಾಗುತ್ತೆ, ಬೇರೆ ದಾರಿ ಇದೆಯಾ?

ಎಂಟ್ರಿ_ಮಾಸ್ಟರ್:

ಬಾಗಿಲು ಹಾಕುವುದು ಮಾರ್ಚ್ ಕೊನೆಗೆ ಒಮ್ಮೆ ಸಾಕು. ಉಳಿದಂತೆ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ 20 ಐಟಂ ಎಣಿಸಿ. ತುಪ್ಪ, ಟೀ ಪುಡಿ, ಡ್ರೈಫ್ರೂಟ್ಸ್, ಮಗುವಿನ ಹಾಲಿನ ಪುಡಿ, ಬ್ಲೇಡು, ಹೇರ್ ಡೈ, ಇಂಥ 60 ಐಟಂಗಳ ಪಟ್ಟಿ ಬೇರೆ ಇರಲಿ. ದಿನಕ್ಕೆ ಹತ್ತರಂತೆ ಅವು ಆರು ದಿನಕ್ಕೊಂದು ಸುತ್ತು ಬರಬೇಕು. ಇನ್ನುಳಿದ ಹತ್ತು ಬೇರೆ ರ‍್ಯಾಕುಗಳಿಂದ. ಎಣಿಸುವವರಿಗೆ ಸಾಫ್ಟ್‌ವೇರಿನ ಸಂಖ್ಯೆ ತೋರಿಸಬೇಡಿ, ತೋರಿಸಿದರೆ ಅದನ್ನೇ ಬರೆಯುತ್ತಾರೆ.

ಡಿಸ್ಟ್ರಿಬ್ಯೂಟರ್ ಗಾಡಿ ಬೆಳಿಗ್ಗೆ 11ರಿಂದ 1ರೊಳಗೆ ಮಾತ್ರ. ಸಂಜೆ ಗಿರಾಕಿ ಗದ್ದಲದಲ್ಲಿ ಇಳಿಸಿಕೊಂಡ ಮಾಲನ್ನು ಯಾರೂ ಎಣಿಸುವುದಿಲ್ಲ. ಅನಿವಾರ್ಯವಾದರೆ ಅವರ ಪ್ರತಿಯ ಮೇಲೆ ‘ಎಣಿಕೆ ಬಾಕಿ’ ಎಂದು ಬರೆದೇ ಸಹಿ ಹಾಕಿ.

ತಕ್ಕಡಿ_ಬಟ್ಟು:

ಮಂಡಿಯವರು ಹಿಂದಿನ ಬಾಕಿಗೆ ಒಪ್ಪಲ್ಲ, ಮುಂದಿನ ಲೋಡಿಗೆ ಒಪ್ತಾರೆ. ಆರ್ಡರ್ ಹೇಳುವಾಗಲೇ ‘ನಿವ್ವಳ ತೂಕಕ್ಕೆ ಬಿಲ್’ ಅನ್ರಿ. ಒಪ್ಪದಿದ್ರೆ ಬೇಳೆ ಎಂಟ್ರಿನೇ 49.4 ಕೆಜಿ ಅಂತ ಹಾಕ್ರಿ, ಕೆಜಿಗೆ ಬಿದ್ದ ಅಸಲು ಅದರಿಂದ ಏರುತ್ತೆ, ಮಾರೋ ಬೆಲೆ ಅದರ ಮೇಲೆ ಕಟ್ರಿ. ಸಾಫ್ಟ್‌ವೇರಲ್ಲಿ ಚೀಲದಿಂದ ನೇರ ಪ್ಯಾಕೆಟ್ಟಿಗೆ ಹೋಗಬ್ಯಾಡ್ರಿ: ಚೀಲ ಒಂದು ಐಟಂ, ಪ್ಯಾಕೆಟ್ ಒಂದು ಐಟಂ, ನಡುವೆ ಪ್ಯಾಕಿಂಗ್ ಎಂಟ್ರಿ. ಪ್ಯಾಕಿಂಗ್ ಮೇಜಿನ ಹತ್ರ ಒಂದು ನೋಟ್‌ಬುಕ್ ಕಟ್ಟಿಡ್ರಿ. ತಾರೀಖು, ಚೀಲದ ನಿವ್ವಳ, ಪ್ಯಾಕೆಟ್ ಎಷ್ಟು, ಉಳಿಕೆ, ನುಚ್ಚು, ತೂಗಿದವರ ಹೆಸರು. ಪ್ರತಿ ಹತ್ತನೇ ಪ್ಯಾಕೆಟ್ ಮತ್ತೆ ತೂಗ್ಬೇಕು, 1,005 ಗ್ರಾಂ ದಾಟಿದ್ರೆ ಹಿಂದಿನ ಒಂಬತ್ತನ್ನೂ ತೂಗ್ರಿ.